ಆಟೋಮ್ಯಾಟಿಕ್ ಗೇರ್ ಝಟ್ಕಾ ಹೊಡೆಯುತ್ತಿದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 2011ರ ಹೋಂಡಾ ಸಿಟಿ ಆಟೋಮ್ಯಾಟಿಕ್, 1,10,000 ಕಿ.ಮೀ. ಓಡಿದೆ. ಎಂಜಿನ್ ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗಾಗುತ್ತದೆ. ‘ಡಿ’ಗೆ ಹಾಕಿದರೆ ‘ಧಡ್’ ಅನ್ನುತ್ತದೆ. ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?
— ದಾವಣಗೆರೆಯ ಓದುಗರು

ಉತ್ತರ: ನೀವು ಹೇಳಿದ್ದು ಎರಡು ತೊಂದರೆ, ಎರಡಕ್ಕೂ ಕಾರಣ ಒಂದೇ ಇರಬೇಕಾಗಿಲ್ಲ. ನಿಂತಲ್ಲಿ ‘ಡಿ’ಗೆ ಹಾಕಿದಾಗ ಬರುವ ‘ಧಡ್’ ಬಹಳ ಸಲ ಗೇರ್‌ಬಾಕ್ಸಿನದ್ದೇ ಅಲ್ಲ. ಅದನ್ನೇ ಮೊದಲು ನೋಡಿ, ಖರ್ಚೂ ಕಡಿಮೆ.

ಬಾನೆಟ್ ತೆಗೆದು ಎಂಜಿನ್ ಕೂತಿರುವ ಫೌಂಡೇಶನ್ ರಬ್ಬರುಗಳನ್ನು ಟಾರ್ಚ್ ಹಾಕಿ ನೋಡಿ. ಬಿರುಕು ಬಿಟ್ಟಿದೆಯೇ, ಒಳಗಿನ ಎಣ್ಣೆ ಕಪ್ಪಾಗಿ ಸೋರಿ ಒಣಗಿದೆಯೇ? ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ತುಳಿದೇ ಇದ್ದು, ಗೇರನ್ನು ‘ಡಿ’ಯಿಂದ ‘ಆರ್’ಗೆ, ‘ಆರ್’ನಿಂದ ‘ಡಿ’ಗೆ ಬದಲಿಸಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಕಾರಿನ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ಒಂದಿಂಚಿನಷ್ಟು ಎಗರಿದರೆ ಫೌಂಡೇಶನ್ ಹೋಗಿದೆ ಅಂತಲೇ ಲೆಕ್ಕ. ಜೊತೆಗೆ ಐಡಲ್ ಆರ್‌ಪಿಎಂ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು) ನೋಡಿ. ಬಿಸಿ ಎಂಜಿನ್‌ನಲ್ಲಿ, ಎಸಿ ಆಫ್ ಇದ್ದಾಗ 700ರ ಆಸುಪಾಸು ಇರಬೇಕು. ಅದು 1000ಕ್ಕೆ ಹೋಗಿ ಕೂತಿದ್ದರೆ ಎಷ್ಟೇ ಒಳ್ಳೆಯ ಗೇರ್‌ಬಾಕ್ಸ್ ಇದ್ದರೂ ‘ಡಿ’ಗೆ ಹಾಕಿದ ಕೂಡಲೇ ಕುಲುಕುತ್ತದೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದೆಯೋ, ಎಲ್ಲಾದರೂ ಗಾಳಿ ಎಳೆಯುತ್ತಿದೆಯೋ ನೋಡಿಸಿ.

ಇನ್ನು ಓಡುವಾಗಿನ ಝಟ್ಕಾ. ಆಯಿಲ್ ಮುಟ್ಟುವ ಮೊದಲು ಸ್ಕ್ಯಾನ್ ಮಾಡಿ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವ ಸಣ್ಣ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ) ಇದ್ದರೆ ಮೊದಲ ಹಂತಕ್ಕೆ ಸಾಕು. ಪಿ0700 ಬಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಇದೆ’ ಎಂದಷ್ಟೇ ಅರ್ಥ. ಪಿ0715 ಮತ್ತು ಪಿ0720 ವೇಗದ ಸೆನ್ಸರ್‌ಗಳವು, ಪಿ0750ರ ಸಾಲಿನವು ಗೇರ್ ಬದಲಿಸಲು ಆಯಿಲ್ ಹರಿವನ್ನು ತೆರೆದು ಮುಚ್ಚುವ ವಿದ್ಯುತ್ ವಾಲ್ವುಗಳಾದ ಶಿಫ್ಟ್ ಸೊಲೆನಾಯ್ಡ್‌ಗಳವು. ಪಿ0731ರಿಂದ ಪಿ0735ರವರೆಗಿನವು ಬಂದರೆ ಗೇರ್ ಅನುಪಾತ ತಪ್ಪುತ್ತಿದೆ, ಅಂದರೆ ಒಳಗೆ ಕ್ಲಚ್ ಜಾರುತ್ತಿರಬಹುದು. ಹೋಂಡಾದಲ್ಲಿ ಮೀಟರಿನ ‘ಡಿ’ ದೀಪ ಮಿಣುಕುತ್ತಿದ್ದರೂ ಗೇರ್‌ಬಾಕ್ಸಿನ ಕೋಡ್ ಕೂತಿದೆ ಎಂದೇ ತಿಳಿಯಿರಿ.

ಕೋಡ್ ಇಲ್ಲ ಎಂದಾದರೆ ಅನುಮಾನ ಎಟಿಎಫ್ ಮೇಲೆ, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮೇಲೆ. ಈ ಆಯಿಲ್ ಬರೀ ಜಾರುವಿಕೆಗಲ್ಲ. ಕ್ಲಚ್ ಪ್ಲೇಟುಗಳು ಎಷ್ಟು ಮೆತ್ತಗೆ ಕಚ್ಚಿಕೊಳ್ಳಬೇಕು ಎಂಬುದನ್ನು ಅದರೊಳಗಿನ ರಾಸಾಯನಿಕಗಳು ತೀರ್ಮಾನಿಸುತ್ತವೆ. ಅವು ಸವೆದ ಮೇಲೆ ಕ್ಲಚ್ ಗಬಕ್ಕನೆ ಕಚ್ಚುತ್ತದೆ. ಬಿಸಿಯಾದಾಗ ಹಳೇ ಆಯಿಲ್ ಇನ್ನೂ ತೆಳುವಾಗಿ ಸೊಲೆನಾಯ್ಡ್ ವಾಲ್ವುಗಳ ಸಂದಿಯಲ್ಲಿ ಸೋರುತ್ತದೆ, ಒತ್ತಡ ಹಿಡಿತಕ್ಕೆ ಸಿಗುವುದಿಲ್ಲ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಝಟ್ಕಾ ಎನ್ನುವ ನಿಮ್ಮ ಲಕ್ಷಣ ಇದಕ್ಕೆ ಹೊಂದುತ್ತದೆ.

ಎಟಿಎಫ್ ಮಟ್ಟ ನೋಡುವ ಕ್ರಮದಲ್ಲೇ ಹಲವರು ತಪ್ಪುತ್ತಾರೆ. ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಸಿಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಆಮೇಲೆ 60ರಿಂದ 90 ಸೆಕೆಂಡಿನೊಳಗೆ ಗೇಜು (ಆಯಿಲ್ ಮಟ್ಟ ತೋರಿಸುವ ಕಡ್ಡಿ) ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಬೇಕು. ಎಂಜಿನ್ ಓಡುತ್ತಿರುವಾಗ ನೋಡುವುದು ಬೇರೆ ಕಂಪನಿಗಳ ಪದ್ಧತಿ, ಇಲ್ಲಿ ತಪ್ಪು ಲೆಕ್ಕ ಕೊಡುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಕೆಂಪು ಅಥವಾ ತಿಳಿಗಂದು ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಕಪ್ಪಾಗಿ ಸುಟ್ಟ ವಾಸನೆ ಇದ್ದು, ಗೇರುಗಳ ನಡುವೆ ಆರ್‌ಪಿಎಂ ಸುಮ್ಮನೆ ಏರುತ್ತಿದ್ದರೆ ಆಯಿಲ್‌ಗೆ ದುಡ್ಡು ಸುರಿಯಬೇಡಿ. ಕ್ಲಚ್ ಪ್ಲೇಟೇ ತೀರಿದೆ, ಗ್ಯಾರೇಜಿನವರು ಹೇಳಿದ್ದು ಸರಿ.

ಬದಲಾಯಿಸುವುದಾದರೆ ಬೇಕಾದದ್ದು: ಹೋಂಡಾ ಡಿಡಬ್ಲ್ಯೂ-1 ಎಟಿಎಫ್ 8 ಲೀಟರ್, 18 ಮಿ.ಮೀ. ಅಲ್ಯೂಮಿನಿಯಂ ಕ್ರಶ್ ವಾಷರ್ 3, 3/8 ಇಂಚಿನ ರ್‍ಯಾಚೆಟ್, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರಿಂಚ್, ಸಪೂರ ನಳಿಕೆಯ ಲಾಳಿಕೆ, ಅಳತೆ ಗುರುತಿರುವ ಬಾಟಲಿ. ಹೋಂಡಾದ ಹಳೇ ಎಟಿಎಫ್ ಝಡ್-1ರ ಜಾಗಕ್ಕೆ ಡಿಡಬ್ಲ್ಯೂ-1 ನೇರವಾಗಿ ಹಾಕಬಹುದು. ಕಾರನ್ನು ಜ್ಯಾಕ್ ಮೇಲಷ್ಟೇ ಬಿಟ್ಟು ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ.

ಇಲ್ಲಿ ಒಂದು ಗುರುತು ನೆನಪಿರಲಿ. ಹೋಂಡಾ ಗೇರ್‌ಬಾಕ್ಸಿನ ಡ್ರೈನ್ ನಟ್‌ಗೆ ಹೊರಗೆ ಆರು ಮೂಲೆಯ ತಲೆ ಇರುವುದಿಲ್ಲ, ನಡುವೆ ಚೌಕದ ತೂತು ಇರುತ್ತದೆ. ಸಾಕೆಟ್ ಬೇಡ, ರ್‍ಯಾಚೆಟ್‌ನ ಮೂತಿಯೇ ಅದರೊಳಗೆ ಕೂರುತ್ತದೆ. 17ರ ಸ್ಪ್ಯಾನರ್ ಹಿಡಿಯುವ ನಟ್ ಎಂಜಿನ್ ಆಯಿಲಿನದು. ಇವೆರಡನ್ನು ಅದಲುಬದಲು ಮಾಡಿ, ಗೇರ್‌ಬಾಕ್ಸ್ ಬರಿದು ಮಾಡಿ ಎಂಜಿನ್‌ಗೆ ಮತ್ತೆ ನಾಲ್ಕು ಲೀಟರ್ ಸುರಿದು ಹೊರಟವರು ಗೇರ್‌ಬಾಕ್ಸನ್ನೇ ಕಳೆದುಕೊಳ್ಳುತ್ತಾರೆ.

ಬೆಚ್ಚಗಿರುವಾಗ ಬಿಚ್ಚಿದರೆ ಸುಮಾರು 2.5 ಲೀಟರ್ ಇಳಿಯುತ್ತದೆ. ಇಳಿದದ್ದನ್ನು ಅಳೆಯಿರಿ, ಅಷ್ಟನ್ನೇ ಗೇಜಿನ ತೂತಿನಿಂದ ತುಂಬಿ. ನಟ್‌ನ ಅಯಸ್ಕಾಂತದ ಮೇಲೆ ನುಣುಪಾದ ಬೂದುಬಣ್ಣದ ಪೇಸ್ಟ್ ಇದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ತುಣುಕು ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಹೊಸ ವಾಷರ್ ಹಾಕಿ ನಟ್ಟನ್ನು 49 ನ್ಯೂಟನ್ ಮೀಟರಿಗೆ ಬಿಗಿಯಿರಿ. ಕೇಸಿಂಗ್ ಅಲ್ಯೂಮಿನಿಯಂ, ಮರೆ (ಥ್ರೆಡ್) ಕಿತ್ತುಹೋದರೆ ದೊಡ್ಡ ಕೆಲಸ.

ಒಂದು ಸಲಕ್ಕೆ ಹೋಗುವುದು ಒಟ್ಟು ಆಯಿಲಿನ ಶೇ. 40ರಷ್ಟು ಮಾತ್ರ, ಉಳಿದದ್ದು ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಉಳಿಯುತ್ತದೆ. ಆದ್ದರಿಂದ 15–20 ಕಿ.ಮೀ. ಎಲ್ಲ ಗೇರುಗಳೂ ಬೀಳುವಂತೆ ಓಡಿಸಿ, ಮತ್ತೆ ಇಳಿಸಿ ತುಂಬಿ. ಹೀಗೆ ಮೂರು ಬಾರಿ ಮಾಡಿದರೆ ಹಳೆಯದು ಶೇ. 20ರ ಆಸುಪಾಸಿಗೆ ಬರುತ್ತದೆ. ಮೆಷಿನ್ ಫ್ಲಶ್ ನಮ್ಮ ಶಿಫಾರಸಲ್ಲ. ಈ ಗೇರ್‌ಬಾಕ್ಸಿಗೆ ಕಳಚುವ ಪ್ಯಾನ್ ಇಲ್ಲ, ಜಾಲರಿ ಫಿಲ್ಟರ್ ಒಳಗೇ ಇದೆ, ಕದಡಿ ಎದ್ದ ಕಸ ಅಲ್ಲೇ ಹೋಗಿ ಕೂರುತ್ತದೆ.

ಇಷ್ಟಾದರೂ 500 ಕಿ.ಮೀ. ಒಳಗೆ ಸುಧಾರಿಸದಿದ್ದರೆ ಸೊಲೆನಾಯ್ಡ್ ನೋಡಿ. ಹೋಂಡಾದ ಒಂದು ಅನುಕೂಲವೆಂದರೆ ಕ್ಲಚ್ ಒತ್ತಡದ ಲೀನಿಯರ್ ಸೊಲೆನಾಯ್ಡ್‌ಗಳು ಕೇಸಿಂಗಿನ ಹೊರಮೈಗೇ ಬೋಲ್ಟ್ ಆಗಿರುತ್ತವೆ. ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಹಿಡಿದರೆ ಇವು 3ರಿಂದ 10 ಓಮ್, ಒಳಗಿನ ಶಿಫ್ಟ್ ಸೊಲೆನಾಯ್ಡ್‌ಗಳು 12ರಿಂದ 25 ಓಮ್ ತೋರಿಸಬೇಕು. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ತೊಳೆದು ಒಣಗಿಸಿ, ಒಂದು ಕಣ ಮರಳು ಒಳಗೆ ಬಿದ್ದರೂ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಗ್ಯಾಸ್ಕೆಟ್ ಹೊಸದೇ ಬೇಕು. ಬೋಲ್ಟುಗಳಿಗೆ 12 ನ್ಯೂಟನ್ ಮೀಟರ್ ಸಾಕು. ಆಯಿಲ್ ಒತ್ತಡ ಹಂಚುವ ಒಳಗಿನ ವಾಲ್ವ್ ಬಾಡಿ ಬಿಚ್ಚುವ ಕೆಲಸಕ್ಕೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ.

ಪ್ರಶ್ನೆ: ನಮ್ಮ ಇನ್ನೋವಾ ಕ್ರಿಸ್ಟಾ ಆಟೋಮ್ಯಾಟಿಕ್ ಸಿಗ್ನಲ್ ಬಳಿ ನಿಲ್ಲುವ ಹೊತ್ತಿಗೆ ಕೆಳಗಿನಿಂದ ‘ಠಕ್’ ಎನ್ನುತ್ತದೆ. ಗೇರ್ ಆಯಿಲ್ ನೋಡೋಣವೆಂದರೆ ಗೇಜೇ ಇಲ್ಲ.
— ರಾಮನಗರದ ಓದುಗರು

ಉತ್ತರ: ಬಿಡದಿಯಲ್ಲಿ ತಯಾರಾಗುವ ಈ ಗಾಡಿಯ ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಹಾಗಾಗಿ ನಿಲ್ಲುವಾಗಿನ ಒಂದೇ ‘ಠಕ್’ಗೆ ಮೊದಲ ಆರೋಪಿ ಆ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದ ದಂಡ, ಪ್ರೊಪೆಲ್ಲರ್ ಶಾಫ್ಟ್. ಅದರ ಹಲ್ಲು ಕೊರೆದ ಜಾರುವ ಜೋಡಣೆಯಾದ ಸ್ಪ್ಲೈನ್‌ನಲ್ಲಿ ಗ್ರೀಸ್ ಒಣಗಿದರೆ, ಬ್ರೇಕ್ ಹಿಡಿದಾಗ ಹಿಂಬದಿ ಎತ್ತಿ ಇಳಿಯುವಾಗ ಶಾಫ್ಟ್ ಸಲೀಸಾಗಿ ಸರಿಯದೆ ಒಮ್ಮೆಲೇ ಜಗ್ಗುತ್ತದೆ. ಚಕ್ರಗಳಿಗೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುವಿ ನೋಡಿ. ಶಾಫ್ಟಿನ ಕೀಲಾದ ಕ್ರಾಸ್‌ನಲ್ಲಿ ಆಟ (ಸಡಿಲ) ಕಂಡರೆ ಕ್ರಾಸ್ ಬದಲಿಸಿ. ಆಟ ಇಲ್ಲದಿದ್ದರೆ ಗ್ರೀಸ್ ಗನ್ ತನ್ನಿ. ಕ್ರಾಸ್‌ನ ನಿಪ್ಪಲ್‌ಗೆ ಹಳೇ ಗ್ರೀಸ್ ಅಂಚಿನಲ್ಲಿ ಹೊರಬರುವವರೆಗೆ ಹೊಡೆಯಿರಿ. ಸ್ಪ್ಲೈನ್‌ನ ನಿಪ್ಪಲ್‌ಗೆ ಎರಡು ಮೂರು ಪಂಪ್ ಸಾಕು, ಅತಿಯಾದರೆ ಒಳಗೆ ಗ್ರೀಸ್ ತುಂಬಿ ಶಾಫ್ಟ್ ಸರಿಯಲು ಜಾಗವೇ ಉಳಿಯುವುದಿಲ್ಲ.

ಗೇರ್‌ಬಾಕ್ಸಿನ ಮಟ್ಟವನ್ನು ಓವರ್‌ಫ್ಲೋ ನಟ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ನಿಗದಿತ ಉಷ್ಣತೆಯಲ್ಲಿದ್ದಾಗ ನೋಡಬೇಕು. ಆ ಉಷ್ಣತೆಯನ್ನು ಸ್ಕ್ಯಾನರ್‌ನಲ್ಲೇ ಓದಬೇಕು. ಕಾರು ನಾಲ್ಕೂ ಕಡೆ ಒಂದೇ ಮಟ್ಟದಲ್ಲಿ ಎತ್ತಿರಬೇಕು. ಲಿಫ್ಟ್ ಇಲ್ಲದೆ ಇದು ಮನೆಯ ಕೆಲಸವಲ್ಲ. ಆಯಿಲ್ ಟೊಯೋಟಾ ಡಬ್ಲ್ಯೂಎಸ್ ಮಾತ್ರ.

ಪ್ರಶ್ನೆ: ನಮ್ಮೂರ ಗ್ಯಾರೇಜಿನಲ್ಲಿ ಎಟಿಎಫ್ ಬದಲಿಸಿದ ಮೇಲೆ ಝಟ್ಕಾ ಹೆಚ್ಚಾಯಿತು. ‘ಎಲ್ಲಾ ಕೆಂಪು ಆಯಿಲೂ ಒಂದೇ’ ಅನ್ನುತ್ತಾರೆ.
— ಗದಗದ ಓದುಗರು

ಉತ್ತರ: ಕೆಂಪು ಬರೀ ಬಣ್ಣ, ಸೋರಿಕೆ ಗುರುತಿಸಲು ಬೆರೆಸಿದ್ದು. ಪವರ್ ಸ್ಟೀರಿಂಗ್‌ಗೆ ಹಾಕುವ ಡೆಕ್ಸ್‌ರಾನ್ ಡಬ್ಬ ಹತ್ತಿರವಿತ್ತೆಂದು ಅದನ್ನೇ ಸುರಿದಿರುವ ಸಾಧ್ಯತೆ ಇದೆ. ಓನರ್ಸ್ ಮ್ಯಾನ್ಯುಯಲ್ ತೆಗೆದು ನಿಮ್ಮ ಗಾಡಿಗೆ ಹೇಳಿದ ಆಯಿಲಿನ ಹೆಸರು ನೋಡಿ, ಮೇಲೆ ಹೇಳಿದಂತೆ ಮೂರು ಸುತ್ತು ಬದಲಿಸಿ. ಹಾಕಿದ ಪ್ರಮಾಣವನ್ನೂ ಕೇಳಿಕೊಳ್ಳಿ. ಮಟ್ಟ ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ಹಿಡಿಯುವ ತಾಕತ್ತಿಲ್ಲ. ನಿಮ್ಮ ಗಾಡಿ ಸಿವಿಟಿ (ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿ ಇರುವ ಆಟೋಮ್ಯಾಟಿಕ್) ಆಗಿದ್ದರೆ ಓಡಿಸಲೇಬೇಡಿ. ಅದಕ್ಕೆ ಬೇಕಾದದ್ದು ಎಟಿಎಫ್ ಅಲ್ಲ, ಸಿವಿಟಿ ಫ್ಲೂಯಿಡ್. ತಪ್ಪು ಆಯಿಲಿನಲ್ಲಿ ಬೆಲ್ಟ್ ಜಾರಿ ಪುಲ್ಲಿ ಗೀರುತ್ತದೆ.

ಪ್ರಶ್ನೆ: ಸೆಲೆರಿಯೊ ಎಜಿಎಸ್ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ತಲೆ ಮುಂದಕ್ಕೆ ವಾಲುತ್ತದೆ. ಎಟಿಎಫ್ ಬದಲಿಸಬೇಕೇ?
— ಮೂಡಿಗೆರೆಯ ಓದುಗರು

ಉತ್ತರ: ಇದರಲ್ಲಿ ಎಟಿಎಫೂ ಇಲ್ಲ, ಟಾರ್ಕ್ ಕನ್ವರ್ಟರೂ ಇಲ್ಲ. ಇರುವುದು ಸಾಮಾನ್ಯ ಮ್ಯಾನ್ಯುಯಲ್ ಗೇರ್‌ಬಾಕ್ಸ್, ನಿಮ್ಮ ಎಡಗಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ. ಕ್ಲಚ್ ಬಿಟ್ಟು ಹಿಡಿಯುವ ನಡುವೆ ಎಳೆತ ನಿಲ್ಲುವುದರಿಂದ ಸ್ವಲ್ಪ ವಾಲುವುದು ಸಹಜ. ಗೇರ್ ಬದಲಾಗುವ ಕ್ಷಣಕ್ಕೆ ಆಕ್ಸಿಲರೇಟರ್ ತುಸು ಸಡಿಲಿಸಿದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಇತ್ತೀಚೆಗೆ ಹೆಚ್ಚಾಗಿದ್ದರೆ ಕ್ಲಚ್ ಸವೆದು ಕಚ್ಚುವ ಬಿಂದು ಸರಿದಿದೆ. ಕಂಪನಿ ಸ್ಕ್ಯಾನರ್‌ನಲ್ಲಿ ಕ್ಲಚ್ ಲರ್ನಿಂಗ್, ಅಂದರೆ ಆ ಹೊಸ ಬಿಂದುವನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ, ಮಾಡಿಸಿ. ಅದಕ್ಕೂ ಮುನ್ನ ಬ್ಯಾಟರಿ ನೋಡಿ, ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ಇರಬಾರದು. ಚಾರ್ಮಾಡಿಯಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಮೇಲೆ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ.

ಪ್ರಶ್ನೆ: ಬ್ಯಾಟರಿ ಬದಲಿಸಿದ ದಿನದಿಂದ ಗೇರ್ ಒರಟಾಗಿದೆ. ಅಂಗಡಿಯಲ್ಲಿ ಸಿಗುವ ‘ಶಿಫ್ಟ್ ಸ್ಮೂತ್’ ಬಾಟಲಿ ಹಾಕಲೇ?
— ಹೊಸಪೇಟೆಯ ಓದುಗರು

ಉತ್ತರ: ಬೇಡ. ಹಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದಾಗ ಕಂಪ್ಯೂಟರ್ ತಾನು ಕಲಿತಿದ್ದ ಒತ್ತಡದ ಲೆಕ್ಕ ಮರೆಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಕಾಲು ಭಾಗದಷ್ಟು ಆಕ್ಸಿಲರೇಟರ್ ಒಂದೇ ಸಮ ಒತ್ತಿ ನಿಂತಲ್ಲಿಂದ ಗಂಟೆಗೆ 80 ಕಿ.ಮೀ.ವರೆಗೆ ಹೋಗಿ, ಬ್ರೇಕಿನ ಮೇಲೆ ಮೆಲ್ಲಗೆ ನಿಲ್ಲಿಸಿ. ಖಾಲಿ ರಸ್ತೆಯಲ್ಲಿ ಇದನ್ನು ಹತ್ತು ಹದಿನೈದು ಬಾರಿ ಮಾಡಿ. ಒಂದು ವಾರದಲ್ಲೂ ಸರಿಹೋಗದಿದ್ದರೆ ಬ್ಯಾಟರಿ ಟರ್ಮಿನಲ್ ಮತ್ತು ಗೇರ್‌ಬಾಕ್ಸ್ ಮೇಲಿನ ಅರ್ತ್ ವೈರ್ ಬಿಗಿಯಾಗಿದೆಯೇ ನೋಡಿ. ಬ್ಯಾಟರಿ ಹಾಕುವವರು ಸಡಿಲ ಬಿಟ್ಟುಹೋಗುವುದು ಇವನ್ನೇ.