ಹಳೆಯ ಬಗ್ಗಿಯ (ಹಗುರವಾದ ತೆರೆದ ಕಾರಿನ) ಚಾಸಿಯನ್ನು, ಅಂದರೆ ಅಡಿಕಟ್ಟನ್ನು, ಮನೆಯಲ್ಲೇ ಸರಿಪಡಿಸುವಾಗ ಎಲ್ಲಿಂದ ಆರಂಭಿಸಬೇಕು?
ಫೋಕ್ಸ್‌ವ್ಯಾಗನ್ ಬೀಟಲ್‌ನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿದ ಬಗ್ಗಿಯಾದರೆ, ಬಾಡಿಯನ್ನು ಪೂರ್ತಿ ಕಳಚಿಟ್ಟು, ಬ್ಯಾಟರಿ ಇರುತ್ತಿದ್ದ ಹಿಂಬದಿಯ ಬಲಮೂಲೆಯನ್ನೇ ಮೊದಲು ಪರೀಕ್ಷಿಸಬೇಕು. ಆಮ್ಲ ಸೋರಿ ತಗಡು ಸವೆಯುವುದು ಹೆಚ್ಚಾಗಿ ಅಲ್ಲಿಯೇ. ಜಿಡ್ಡನ್ನು ತೊಳೆದು ಒಣಗಿಸಿದ ಬಳಿಕವೇ ತಂತಿ ಬ್ರಷ್ ಹಿಡಿಯಿರಿ, ಇಲ್ಲವಾದರೆ ಜಿಡ್ಡು ಲೋಹದ ಮೇಲೆಲ್ಲ ಹರಡುತ್ತದೆ.

ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿದಾಗ ತಗ್ಗುವ ಭಾಗವನ್ನು, ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು; ಪುಟ್ಟಿ ತುಂಬಿ ಬಣ್ಣ ಬಳಿದರೆ ತುಕ್ಕು ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಚಾಸಿಯ ನಡುವೆ ಉದ್ದಕ್ಕೂ ಇರುವ ಟೊಳ್ಳು ಟನೆಲ್‌ನೊಳಗೆ ಪೆಟ್ರೋಲ್ ಕೊಳವೆ ಹಾಯ್ದಿರುವುದರಿಂದ, ಟ್ಯಾಂಕನ್ನು ಕಳಚಿ, ಕೊಳವೆಯನ್ನು ಬರಿದುಮಾಡಿ, ಆವಿಯನ್ನೂ ಹೊರಹಾಕದೆ ಅದರ ಹತ್ತಿರ ವೆಲ್ಡಿಂಗ್ ಮಾಡಲೇಬಾರದು. ಚಾಸಿಯನ್ನು ಹಿಂದೆ ಯಾರಾದರೂ ಕತ್ತರಿಸಿ ಗಿಡ್ಡಗೊಳಿಸಿದ್ದರೆ (ಬಗ್ಗಿಗಳಲ್ಲಿ ಇದು ಸಾಮಾನ್ಯ), ಆ ಹಳೆಯ ಬೆಸುಗೆಯನ್ನು ನಾನಂತೂ ಅನುಭವಿ ವೆಲ್ಡರ್ ಒಬ್ಬರಿಗೆ ತೋರಿಸದೆ ನಂಬುವುದಿಲ್ಲ.