ಸೈರನ್ ಕೂಗಿದಾಗ ಕಾಂಪೌಂಡಿನ ಆಚೆ ಇರುವವರು ಏನು ಮಾಡಬೇಕು?

ಪ್ರಶ್ನೆ: ಮಂಗಳೂರಿನ ಹೊರವಲಯದಲ್ಲಿ, ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡೇ ನಮ್ಮ ಊರಿದೆ. ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಆಗಾಗ ಕಾರ್ಖಾನೆಯ ಸೈರನ್ ಕೇಳಿಸುತ್ತದೆ. ಅದು ಅಣಕು ಕಾರ್ಯಾಚರಣೆಯೋ, ನಿಜವಾದ ಅಪಾಯವೋ ಗೊತ್ತಾಗುವುದಿಲ್ಲ. ಅನಿಲ ಸೋರಿದರೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಿಲ್ಲ. ವಿಚಾರಿಸಿದರೆ "ಎಲ್ಲಾ ಪ್ಲಾನ್ ಇದೆ, ಭಯ ಬೇಡ" ಅಂತಾರೆ. ಪಂಚಾಯಿತಿಯಿಂದ ಏನಾದರೂ ಮಾಡಲು ಸಾಧ್ಯವಾ ಸರ್?

ಉತ್ತರ: ಖಂಡಿತ ಸಾಧ್ಯ ಮೇಡಂ. ಪ್ಲಾನ್ ಇದೆ ಅನ್ನುವುದು ಸುಳ್ಳಿರಲಾರದು. ಆದರೆ ಪ್ಲಾನ್‌ಗಳು ಎರಡು. ಗೇಟಿನ ಒಳಗಿನದ್ದನ್ನು ಕಂಪನಿ ಮಾಡುತ್ತದೆ. ಗೇಟಿನ ಹೊರಗಿನದ್ದನ್ನು ಜಿಲ್ಲಾಡಳಿತ ಮಾಡಬೇಕು. ನಿಮಗೆ ಬೇಕಾಗಿರುವುದು ಈ ಎರಡನೆಯದು. ಅಪಾಯಕಾರಿ ರಾಸಾಯನಿಕಗಳ ಬಗ್ಗೆ 1989ರಲ್ಲಿ ಬಂದ ಕೇಂದ್ರದ ನಿಯಮಗಳೇ ಇದನ್ನು ಹೇಳುತ್ತವೆ. ಸುತ್ತಲಿನ ಜನರಿಗೆ ಯಾವ ಅಪಾಯ ಬರಬಹುದು, ಬಂದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ತಿಳಿಸುವುದು ಕಂಪನಿಯ ಹೊಣೆ ಅಂತಲೂ ಅದರಲ್ಲಿದೆ. ಹಾಗಾಗಿ ನೀವು ಯಾರ ಹತ್ತಿರವೂ ಉಪಕಾರ ಕೇಳುತ್ತಿಲ್ಲ.

ಇದಕ್ಕಿಂತ ಉಪಯೋಗದ ಇನ್ನೊಂದು ನಿಯಮ 1996ರಲ್ಲಿ ಬಂತು. ಇಂಥ ಕಾರ್ಖಾನೆಗಳಿರುವ ಪ್ರತಿ ಕೈಗಾರಿಕಾ ಪ್ರದೇಶಕ್ಕೂ ಒಂದು ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಸಮಿತಿ ಇರಬೇಕು ಅಂತ ಅದು ಹೇಳುತ್ತದೆ. ನಮ್ಮಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರು ಅದರ ಅಧ್ಯಕ್ಷರು. ಕಾರ್ಖಾನೆ ಇಲಾಖೆಯ ಅಧಿಕಾರಿ ಕಾರ್ಯದರ್ಶಿ. ಅಗ್ನಿಶಾಮಕ, ಪೊಲೀಸ್, ಪ್ರಾಥಮಿಕ ಆರೋಗ್ಯ ಕೇಂದ್ರ, ಕಾರ್ಖಾನೆಗಳು, ಸಾಗಣೆದಾರರು ಎಲ್ಲರೂ ಅದರಲ್ಲಿರುತ್ತಾರೆ. ಸ್ಥಳೀಯ ವೈದ್ಯರು, ಸಮಾಜ ಸೇವಕರು, ಪತ್ರಿಕೆಯ ಸಂಪಾದಕರಿಗೂ ಜಾಗವಿದೆ. ಊರಿನ ಮುಖಂಡರು ಅಥವಾ ಪಂಚಾಯಿತಿಯ ಮುಖ್ಯಸ್ಥರಿಗೂ ಇದೆ. ಆ ಕುರ್ಚಿ ಇವತ್ತು ಯಾರ ಹೆಸರಲ್ಲಿದೆ? ನಿಮ್ಮ ಮೊದಲ ಪ್ರಶ್ನೆ ಇದೇ ಆಗಲಿ.

ಈ ಸಮಿತಿ ತಿಂಗಳಿಗೊಮ್ಮೆ ಸೇರಬೇಕು. ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ಮಾಡಬೇಕು. ಅಪಾಯಕ್ಕೆ ಸಿಲುಕಬಹುದಾದ ಜನರಿಗೆ ತಿಳಿವಳಿಕೆ ಕೊಡಬೇಕು. ಸಾರ್ವಜನಿಕರು ಕೇಳಿದರೆ ಮಾಹಿತಿಯನ್ನೂ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿ. ಪಿಡಿಒ ಸಹಿಯೊಂದಿಗೆ ಎಸಿ ಕಚೇರಿಗೆ ಪತ್ರ ಕಳಿಸಿ. ಹಿಂದಿನ ಸಭೆಯ ನಡಾವಳಿ, ಕೊನೆಯ ಅಣಕು ಕಾರ್ಯಾಚರಣೆಯ ವರದಿ, ನಮ್ಮ ಊರಿಗೆ ಸಂಬಂಧಿಸಿದ ಯೋಜನೆಯ ಪ್ರತಿ, ಈ ಮೂರನ್ನು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಅವರು ಉತ್ತರಿಸಬೇಕು.

ಕಾರ್ಖಾನೆಯ ಸುರಕ್ಷತಾ ಅಧಿಕಾರಿಯನ್ನೂ ಗ್ರಾಮಸಭೆಗೆ ಕರೆಸಿ. ಅಪಾಯದ ಸೈರನ್ ಹೇಗೆ ಕೂಗುತ್ತದೆ, ಅಪಾಯ ಮುಗಿದಾಗ ಹೇಗೆ, ಪರೀಕ್ಷೆಗೆ ಯಾವ ದಿನ ಎಷ್ಟು ಹೊತ್ತಿಗೆ? ಮೂರನ್ನೂ ಕೇಳಿಸಿಯೇ ತೋರಿಸಲಿ. ಅಂಗನವಾಡಿ, ಶಾಲೆ, ಪಡಿತರ ಅಂಗಡಿಯ ಗೋಡೆ ಮೇಲೆ ಕನ್ನಡ, ತುಳು, ಬ್ಯಾರಿಯಲ್ಲಿ ಬರೆಸಿ. ಹೊರ ರಾಜ್ಯದ ಕಾರ್ಮಿಕರ ಶೆಡ್‌ಗಳಿದ್ದರೆ ಹಿಂದಿಯಲ್ಲೂ ಇರಲಿ. ಅವರನ್ನು ನಾವು ತುಂಬಾ ಸಲ ಮರೆತೇಬಿಡುತ್ತೇವೆ.

ನಾನು ಹಲವು ಅಣಕು ಕಾರ್ಯಾಚರಣೆಗಳನ್ನು ನೋಡಿದ್ದೇನೆ. ಒಂದು ಕಡೆ ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು. ಆಂಬುಲೆನ್ಸ್ ಬಂತು, ನೀರು ಹಾರಿಸಿದರು, ಫೋಟೊ ತೆಗೆದರು. ಕಾಂಪೌಂಡಿನ ಹೊರಗೆ ಹಸು ಕಟ್ಟುತ್ತಿದ್ದ ಅಜ್ಜಿಯನ್ನು "ಇದು ಏನು ಅಂತ ಗೊತ್ತಾ ಅಜ್ಜೀ?" ಅಂತ ಕೇಳಿದೆ. "ಯಾರೋ ಮಂತ್ರಿ ಬಂದಿರಬೇಕು" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಅಜ್ಜಿಯ ಮನೆಗೂ ಆ ಟ್ಯಾಂಕಿಗೂ ನಡುವೆ ಇದ್ದದ್ದು ಒಂದೇ ಗೋಡೆ.

ಭೋಪಾಲ್‌ನಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟ್ ಸೋರಿದಾಗ ಆಗಿದ್ದೂ ಇದೇ. ಜನರಿಗೆ ಏನಾಗುತ್ತಿದೆ ಅಂತ ಗೊತ್ತಿರಲಿಲ್ಲ. ಎಷ್ಟೋ ಜನ ಅನಿಲದ ಜೊತೆಗೇ ಓಡಿದರು. ಚಿಕಿತ್ಸೆ ಕೊಡುವ ವೈದ್ಯರಿಗೂ ಅದು ಯಾವ ಅನಿಲ ಅಂತ ತಿಳಿದಿರಲಿಲ್ಲ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಎಂಬ ರಾಸಾಯನಿಕ ಸೋರಿದ್ದು ನಸುಕಿನಲ್ಲಿ, ಜನ ಮಲಗಿದ್ದಾಗ. ರಾತ್ರಿ ಗಾಳಿಯ ಓಡಾಟ ಕಡಿಮೆ. ಅನಿಲ ಮೇಲೆದ್ದು ಚದುರುವುದಿಲ್ಲ, ನೆಲದ ಹತ್ತಿರವೇ ಉಳಿಯುತ್ತದೆ. ಅಣಕು ಕಾರ್ಯಾಚರಣೆಗಳು ಮಾತ್ರ ಬೆಳಗ್ಗೆ 11 ಗಂಟೆಗೇ ನಡೆಯುತ್ತವೆ. ಒಂದನ್ನಾದರೂ ರಾತ್ರಿ ಮಾಡಿ ಅಂತ ಒತ್ತಾಯ ಮಾಡಿ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ಸಾಮಾನ್ಯವಾಗಿ ಹಗಲು ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿ ಗುಡ್ಡದ ಕಡೆಯಿಂದ ಕಡಲಿಗೆ ಬೀಸುತ್ತದೆ. ಅಂದರೆ ಅದೇ ಟ್ಯಾಂಕ್ ಮಧ್ಯಾಹ್ನ ಸೋರಿದರೆ ಅಪಾಯ ಪೂರ್ವದ ಮನೆಗಳಿಗೆ, ರಾತ್ರಿ ಸೋರಿದರೆ ಪಶ್ಚಿಮದವರಿಗೆ. ಹಾಗಾಗಿ ಸೇರುವ ಜಾಗ ಒಂದೇ ಇದ್ದರೆ ಸಾಲದು, ಬೇರೆ ಬೇರೆ ದಿಕ್ಕಿನಲ್ಲಿ ಎರಡಾದರೂ ಬೇಕು. ಎತ್ತರದ ಕಂಬಕ್ಕೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಟ್ಟಿಸಿ, ರಾತ್ರಿ ಕಾಣುವಂತೆ ಅದಕ್ಕೊಂದು ದೀಪ ಹಾಕಿಸಿ. ಗಾಳಿ ಬೀಸುವ ದಿಕ್ಕಿನಲ್ಲೇ ಓಡಬೇಡಿ, ಅದಕ್ಕೆ ಅಡ್ಡಲಾಗಿ ನಡೆಯಿರಿ. ಮೂಗಿಗೆ ಒದ್ದೆ ಬಟ್ಟೆ ಇರಲಿ.

ಎಲ್ಲಾ ಸಲವೂ ಓಡಲೇಬೇಕು ಅಂತಿಲ್ಲ. ಅನಿಲದ ಮೋಡ ಆಗಲೇ ಮನೆ ಹತ್ತಿರ ಬಂದಿದ್ದರೆ ಒಳಗೇ ಇರುವುದು ವಾಸಿ. ಕಿಟಕಿ, ಬಾಗಿಲು ಹಾಕಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ. ಎಸಿ, ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡಿ. ನಮ್ಮ ಹಂಚಿನ ಮನೆಗಳಲ್ಲಿ ಮಾಡಿನ ಸಂದಿಯಿಂದ ಗಾಳಿ ಬರುತ್ತದೆ ಅಲ್ವಾ? ಅಂಥವರಿಗಾಗಿ ಹತ್ತಿರದ ತಾರಸಿ ಮನೆ ಯಾವುದು ಅಂತ ಮೊದಲೇ ಗುರುತು ಮಾಡಿಡಿ. ಸೋರಿದ್ದು ಕ್ಲೋರಿನ್ ಆದರೆ, ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಮೇಲಿನ ಮಹಡಿಯೇ ಒಳ್ಳೆಯದು. ಹಾಸಿಗೆ ಹಿಡಿದವರು, ಬಾಣಂತಿಯರು, ಆಸ್ತಮಾ ಇರುವವರು ಯಾವ ಮನೆಯಲ್ಲಿದ್ದಾರೆ ಅಂತ ನಿಮ್ಮ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅವರನ್ನು ಯಾರು ಎತ್ತಿಕೊಂಡು ಹೋಗುತ್ತಾರೆ ಅಂತ ಇವತ್ತೇ ಬರೆದಿಡಿ. ಹೊರಗಿನ ಸಹಾಯ ಬರುವವರೆಗೆ ಪಕ್ಕದ ಮನೆಯವರೇ ದಿಕ್ಕು.

ಪ್ರಶ್ನೆ: ನಮ್ಮ ಮನೆ ಹೆದ್ದಾರಿ ಪಕ್ಕ. ದಿನವೂ ಗ್ಯಾಸ್ ಟ್ಯಾಂಕರ್‌ಗಳು ಹೋಗುತ್ತವೆ. ಒಂದು ಮಗುಚಿದರೆ?

ಉತ್ತರ: 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಹೀಗೇ ಆಯಿತು. ಎಲ್‌ಪಿಜಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿತು, ರಸ್ತೆ ಬದಿಯ ಮನೆಗಳೂ ಸುಟ್ಟವು, ಜೀವಗಳೂ ಹೋದವು. ಎಲ್‌ಪಿಜಿ ಗಾಳಿಗಿಂತ ಭಾರ. ಚರಂಡಿ, ತಗ್ಗು ಜಾಗಗಳಲ್ಲಿ ಹರಿದು ಮನೆಯೊಳಗಿನ ಒಲೆಯವರೆಗೂ ಬರುತ್ತದೆ. ಒಲೆ ಆರಿಸಿ. ಲೈಟಿನ ಸ್ವಿಚ್ ಮುಟ್ಟಲೇಬೇಡಿ, ಹಾಕಲೂ ಬೇಡ, ಆರಿಸಲೂ ಬೇಡ. ಬೈಕ್ ಸ್ಟಾರ್ಟ್ ಮಾಡಬೇಡಿ. ನಡೆದುಕೊಂಡೇ ಎತ್ತರದ ಕಡೆಗೆ, ಗಾಳಿಗೆ ಎದುರಾಗಿ ಅಥವಾ ಅಡ್ಡವಾಗಿ ಹೋಗಿ. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ. ಟ್ಯಾಂಕರ್‌ಗೇ ಬೆಂಕಿ ಹತ್ತಿದ್ದರೆ ಎಲ್ಲಾ ದಿಕ್ಕಿನಲ್ಲೂ 1.6 ಕಿ.ಮೀ. ದೂರ ಬೇಕು. ವಿಡಿಯೊ ಮಾಡಲು ಹತ್ತಿರ ಹೋಗುವ ಹುಡುಗರನ್ನು ದಯವಿಟ್ಟು ಕೈ ಹಿಡಿದು ಎಳೆಯಿರಿ.

ಟ್ಯಾಂಕರ್ ಮೇಲಿನ ಫಲಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1075 ಅಂದರೆ ಎಲ್‌ಪಿಜಿ, 1005 ಅಮೋನಿಯ, 1017 ಕ್ಲೋರಿನ್, 1203 ಪೆಟ್ರೋಲ್. ದೂರದಿಂದಲೇ ಕಂಡರೆ ಆ ಅಂಕಿಯನ್ನು ಫೋನಿನಲ್ಲಿ ಹೇಳಿ. ಅಗ್ನಿಶಾಮಕದವರಿಗೆ ಅದರಿಂದ ತುಂಬಾ ಸಹಾಯ.

ಪ್ರಶ್ನೆ: ನಮ್ಮದು ಮೀನುಗಾರರ ಊರು. ದೊಡ್ಡ ಕಾರ್ಖಾನೆ ಇಲ್ಲ, ಐಸ್ ಪ್ಲಾಂಟ್ ಮಾತ್ರ ಇದೆ. ಇದಕ್ಕೂ ಪ್ಲಾನ್ ಬೇಕಾ?

ಉತ್ತರ: ಬೇಕು. ಐಸ್ ಮಾಡಲು ಬಳಸುವುದು ಅಮೋನಿಯ. ಸಣ್ಣ ಪ್ಲಾಂಟ್‌ಗಳಲ್ಲಿ ಅದರ ಪ್ರಮಾಣ ನಿಯಮಗಳ ಮಿತಿಗಿಂತ ಕಡಿಮೆ ಇರುವುದರಿಂದ ಅವು ಮೇಲೆ ಹೇಳಿದ 1989, 1996ರ ನಿಯಮಗಳ ಅಡಿ ಬರದಿರಬಹುದು. ಆದರೆ ಪಕ್ಕದ ಮನೆಯವರ ಕಣ್ಣು, ಶ್ವಾಸಕೋಶಕ್ಕೆ ಅಷ್ಟು ಸಾಕು. ಅಮೋನಿಯದ ಘಾಟು ಬೇಗ ಗೊತ್ತಾಗುತ್ತದೆ, ಅದೇ ನಿಮ್ಮ ಸೈರನ್. ಅದು ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಒದ್ದೆ ಬಟ್ಟೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಣ್ಣಿಗೆ ತಾಗಿದರೆ 15 ನಿಮಿಷವಾದರೂ ನೀರಿನಲ್ಲಿ ತೊಳೆಯುತ್ತಲೇ ಇರಿ, ಆಮೇಲೆ ಆಸ್ಪತ್ರೆಗೆ. ಆದರೆ ನೆಲದಲ್ಲಿ ಚೆಲ್ಲಿ ನಿಂತ ಅಮೋನಿಯದ ಮೇಲೆ ನೀರು ಸುರಿಯಬೇಡಿ, ಅದು ಇನ್ನೂ ಜೋರಾಗಿ ಆವಿಯಾಗುತ್ತದೆ. ಪ್ಲಾಂಟಿನ ಮಾಲೀಕರು ನಿಮ್ಮ ಊರಿನವರೇ ಆಗಿರುತ್ತಾರೆ. ಒಂದು ಸಂಜೆ ಹೋಗಿ, ಮುಖ್ಯ ವಾಲ್ವ್ ಎಲ್ಲಿದೆ, ರಾತ್ರಿ ಪಾಳಿಯಲ್ಲಿ ಅದನ್ನು ಬಂದ್ ಮಾಡಲು ಬರುವವರು ಯಾರು, ಅವರ ಫೋನ್ ನಂಬರ್ ಏನು ಅಂತ ಕೇಳಿ ಬರೆದುಕೊಂಡು ಬನ್ನಿ.