ಗೇಮಿಂಗ್ ಜೊತೆಗೆ ಹತ್ತು ಕೆಲಸ: ಯಾವ ಡ್ಯುಯಲ್ ಕೋರ್ ಪ್ರೊಸೆಸರ್ ತಗೊಳ್ಳಲಿ?

ಸೆಲೆರಾನ್ ಜಿ5905, ಪೆಂಟಿಯಂ ಗೋಲ್ಡ್ ಜಿ6400, ಅಥ್ಲಾನ್ 3000ಜಿ, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಸೆಲೆರಾನ್ ಬೇಡವೇ ಬೇಡ. ಎರಡು ಕೋರ್, ಎರಡೇ ಥ್ರೆಡ್. ಉಳಿದೆರಡರಲ್ಲಿ ನಾಲ್ಕು ಥ್ರೆಡ್ ಇವೆ.

ನಮ್ಮ ಮಂಡ್ಯದ ಕಡೆ ಆಲೆಮನೆ ನೋಡಿದ್ದೀರಲ್ವಾ? ಗಾಣ ಎರಡೇ ಇದ್ದರೂ ಕಬ್ಬು ಕೊಡಲು ನಾಲ್ಕು ಜನ ನಿಂತರೆ ಗಾಣ ಸುಮ್ನೆ ತಿರುಗುವುದಿಲ್ಲ. ಗಾಣ ಅಂದರೆ ಕೋರ್, ಕಬ್ಬು ಕೊಡುವವರು ಥ್ರೆಡ್, ಅಷ್ಟೇ. ಹಾಗಂತ ಗಾಣ ನಾಲ್ಕಾಗುವುದಿಲ್ಲ!

ಪೆಂಟಿಯಂ ವೇಗ 4 ಗಿಗಾಹರ್ಟ್ಸ್, ಅಥ್ಲಾನ್‌ದು 3.5. ಆದರೆ ಈ ಪೆಂಟಿಯಂನಲ್ಲಿ ಎವಿಎಕ್ಸ್ (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡಿಸುವ ಸೂಚನೆಗಳು) ಇಲ್ಲ. ಅದು ಬೇಕೇ ಬೇಕು ಅನ್ನುವ ಗೇಮ್‌ಗಳು ಶುರುವಾಗುವುದೇ ಇಲ್ಲ. ಅಥ್ಲಾನ್‌ನಲ್ಲಿ ಆ ತಕರಾರಿಲ್ಲ. ಜೊತೆಗೆ ಅದು ಕೂರುವುದು ಮದರ್‌ಬೋರ್ಡಿನ ಎಎಂ4 ಅನ್ನುವ ಸಾಕೆಟ್‌ನಲ್ಲಿ. ಆ ಸಾಕೆಟ್ ಇರುವ ಬಿ450 ಬೋರ್ಡ್ ಹಾಕಿಸಿದರೆ, ಮುಂದೆ ದುಡ್ಡಾದಾಗ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಆರು ಕೋರಿನ ರೈಜೆನ್ 5 5600 ಕೂರಿಸಬಹುದು. ನನ್ನ ಓಟು ಅಥ್ಲಾನ್‌ಗೆ.

ಆದರೂ ಗೇಮ್ ಓಡುವಾಗಲೇ ಇಪ್ಪತ್ತು ಟ್ಯಾಬ್, ಮೇಲೆ ರೆಕಾರ್ಡಿಂಗ್ ಅಂದರೆ ಎರಡು ಕೋರ್ ಏದುಸಿರು ಬಿಡುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇ. 100ಕ್ಕೆ ಅಂಟಿಕೊಳ್ಳುತ್ತದೆ, ಮೌಸ್ ಎಳೆದರೆ ಬಾಣ ತಡೆದು ತಡೆದು ಬರುತ್ತದೆ. ಮೈಸೂರಿನ ಅಂಗಡಿಗಳಲ್ಲಿ ಸ್ವಲ್ಪ ಜಾಸ್ತಿ ದುಡ್ಡಿಗೆ ನಾಲ್ಕು ಕೋರಿನ ಐ3-10100 ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಅಥ್ಲಾನನ್ನೂ ಮರೆತುಬಿಡಿ.